ಹೆಸ್ಟರ್ ಡ್ರೇಕಾಟ್ ಕೇಳಿದ ಒನ್ಸ್ ಮೋರ್

ಆಡಾ ಮಂಟನ್ ನಮ್ಮ ಓಣಿಯ ಕೊನೆಯ ಮನೆಯವಳು. ಇದು ಅವಳಿಗೇ ಆದದ್ದು, ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ.

ಅವತ್ತು ಸ್ಟ್ರ್ಯಾಂಡ್ ಬೀದಿಯ ಥಿಯೇಟರಿನಲ್ಲಿ ಅವಳು ಮೊದಲ ಸಲ ನಾಯಕಿಯಾಗಿ ಹಾಡಿದ್ದಳು. ಜನ ಹುಚ್ಚೆದ್ದು ಕುಣಿದಿದ್ದರು. ಮುಖದ ಬಣ್ಣ ಪೂರ್ತಿ ತೊಳೆಯದೆ, ಒಬ್ಬಳೇ ಮನೆಗೆ ಹೊರಟಿದ್ದಳು. ಮಂಜು... ಚಾಚಿದ ಕೈ ಕಾಣದಂಥ ಮಂಜು. ಡ್ರೂರಿ ಲೇನ್ ಬೀದಿಯ ಹಿಂದೆ ಹಳೇ ಬಾವಿಯ ಮೇಲೆ ಕೂರಿಸಿದ ಪಂಪು ಇದೆಯಲ್ಲ, ಕಾಲರಾ ಬಂದ ವರ್ಷ ಯಾರೂ ಆ ನೀರು ಕುಡಿಯದಿರಲಿ ಅಂತ ಹಿಡಿ ಕಿತ್ತು ಹಾಕಿದ್ದು? ಅಲ್ಲಿಗೆ ಬಂದಾಗ ಕೇಳಿಸಿತು.

ಪಟ್... ಪಟ್... ಪಟ್.

ಕೈಗವಸು ಹಾಕಿದ ಕೈಗಳ ಚಪ್ಪಾಳೆ. ಮೆತ್ತಗೆ. ಹಿಂದೆಯೇ ಒಂದು ಪಿಸುಮಾತು.

"ಒನ್ಸ್ ಮೋರ್, ಮರಿ."

ಆಡಾ ನಿಂತುಬಿಟ್ಟಳು. ಅವಳನ್ನು ಮರಿ ಅಂತ ಕರೆಯುತ್ತಿದ್ದವಳು ಒಬ್ಬಳೇ, ಹೆಸ್ಟರ್ ಡ್ರೇಕಾಟ್. ಅವಳನ್ನು ಮಣ್ಣು ಮಾಡಿದ ಆ ಚಳಿಗಾಲ ಇನ್ನೂ ಮುಗಿದಿರಲಿಲ್ಲ.

ಹೆಸ್ಟರ್ ಬೀದಿಯಲ್ಲಿ ಮೀನು ಮಾರುವವಳ ಮಗಳು. ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತ ಹಾಡುತ್ತ ನಗೆನಾಟಕದ ನಾಯಕಿಯಾದವಳು. ಅವಳು ಒಂದು ಹುಬ್ಬು ಏರಿಸಿದರೆ ಸಾಕು, ಇಡೀ ಗ್ಯಾಲರಿ ನಗುತ್ತಿತ್ತು. ಅವಳಿಗೆ ಹುಷಾರಿಲ್ಲದ ದಿನ ಆ ಪಾತ್ರಕ್ಕೆ ನಿಲ್ಲಬೇಕಾದವಳು ಆಡಾ. ಆದರೆ ಹೆಸ್ಟರ್ ಹಾಸಿಗೆ ಹಿಡಿಯುವ ಪೈಕಿಯಲ್ಲ. ವರ್ಷಗಟ್ಟಲೆ ಪರದೆ ಪಕ್ಕ ನಿಂತು ಇನ್ನೊಬ್ಬಳ ಚಪ್ಪಾಳೆ ಕೇಳಿ ಕೇಳಿ ಆಡಾಳ ಹೊಟ್ಟೆ ಉರಿದುಹೋಯಿತು. ಆ ಚಪ್ಪಾಳೆ ತನ್ನದಾಗಬೇಕು, ಅದೊಂದೇ ಅವಳ ಆಸೆ.

ಗ್ಯಾಲರಿ ಒನ್ಸ್ ಮೋರ್ ಅಂದರೆ ಹಾಡಲೇಬೇಕು, ನಮ್ಮ ನಾಟಕದವರ ಕಟ್ಟಳೆಯೇ ಹಾಗೆ. ಆಡಾ ಅದನ್ನೇ ಹಿಡಿದಳು. ಅವಳ ಅಣ್ಣ ಜೆಮ್ ತರಕಾರಿ ಮಾರ್ಕೆಟ್ಟಿನ ಹಮಾಲಿ.

"ನಿನ್ನ ಗೆಳೆಯರನ್ನೆಲ್ಲ ಗ್ಯಾಲರಿಗೆ ಕರ್ಕೊಂಡ್ ಬಾರಣ್ಣ. ಅವಳ ದೊಡ್ಡ ಹಾಡು ಮುಗೀತಿದ್ದಂಗೆ ಒನ್ಸ್ ಮೋರ್ ಅನ್ನಿ. ಮತ್ತೆ ಅನ್ನಿ. ಬಿಡಬೇಡಿ."

"ಏನೇ, ಅವಳ ಮೇಲೆ ಇದ್ದಕ್ಕಿದ್ದಂಗೆ ಇಷ್ಟೊಂದು ಪ್ರೀತಿ?"

"ಬಿಯರ್ ಕುಡಿಸ್ತೀನಿ. ಸುಮ್ನೆ ಕೂಗು."

ಚಪ್ಪಾಳೆ ಹೊಡೆದೂ ಕೊಲ್ಲಬಹುದು ನೋಡಿ. ದಿನಾ ರಾತ್ರಿ ಹೆಸ್ಟರ್ ಮತ್ತೆ ಮತ್ತೆ ಹಾಡಿದಳು. ಒಳಗೆ ಬಂದು ಬಿಸಿನೀರು ಗುಟುಕರಿಸುತ್ತ, "ನೋಡಿದ್ಯಾ ಮರಿ? ಈ ವಯಸ್ಸಲ್ಲೂ ನನ್ನ ಬಿಡಲ್ಲ ಅಂತಾರೆ" ಅನ್ನುತ್ತಿದ್ದಳು. ಆಡಾ ಅವಳ ಬೆನ್ನು ನೀವುತ್ತಿದ್ದಳು. ಕೊನೆಗೊಂದು ದಿನ ಮೇಲಿನ ಸ್ವರ ಹತ್ತುವಾಗ ಹೆಸ್ಟರ್‌ಳ ದನಿ ಕರಕ್ ಅಂತ ಒಡೆಯಿತು. ಅದೇ ಗ್ಯಾಲರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮ್ಯಾನೇಜರ್ ಅವಳ ಮೂಗಿನ ಮೇಲೊಂದು ನರಹುಲಿ ಅಂಟಿಸಿ ಮುದಿ ಅತ್ತೆಯ ಪಾತ್ರ ಕೊಟ್ಟ. ಆಮೇಲೆ ಅದೂ ಇಲ್ಲ. ನದಿಯಾಚೆಯ ಬಾಡಿಗೆ ಕೋಣೆಯಲ್ಲಿ ಸತ್ತಳು. ನಾಟಕದವರು ಒಬ್ಬರೂ ಮಣ್ಣಿಗೆ ಹೋಗಲಿಲ್ಲ. ಹೇಸಿಗೆ ಜನ.

ಆ ರಾತ್ರಿ ಪಂಪಿನ ಹತ್ತಿರ ಆಡಾಳಿಗೆ ಕಾಲು ಕಿತ್ತಿಡಲಾಗಲಿಲ್ಲ.

"ಮೇಡಂ... ನಂಗೆ ಸುಸ್ತಾಗಿದೆ."

"ನಂಗೂ ಆಗ್ತಿತ್ತು. ಹಾಡು."

ಹಾಡಿದಳು. ಮುಗಿಯಿತು. ಪಟ್... ಪಟ್... ಪಟ್. "ಒನ್ಸ್ ಮೋರ್." ಮತ್ತೆ ಹಾಡಿದಳು. ಚಪ್ಪಾಳೆ ಹತ್ತಿರ ಬಂತು. ಅವಳ ಕಿವಿಯ ಪಕ್ಕಕ್ಕೇ ಬಂತು.

"ತಪ್ಪಾಯ್ತು ಮೇಡಂ. ಬಿಟ್ಬಿಡಿ ನನ್ನ. ಜೆಮ್ ಕೈಲಿ ಒನ್ಸ್ ಮೋರ್ ಕೂಗ್ಸಿದ್ದು ನಾನೇ. ಬಿಯರ್ ಕುಡಿಸಿ ಕೂಗ್ಸಿದೆ."

ಚಪ್ಪಾಳೆ ನಿಂತಿತು.

ಮಂಜಿನಲ್ಲಿ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ಹಾಗಾದ್ರೆ..." ಆ ದನಿ ತೀರಾ ಸಣ್ಣಗಾಗಿತ್ತು. "ಅವ್ರು ಯಾರೂ ನನ್ನ ಹಾಡು ಬೇಕು ಅಂತ ನಿಜವಾಗಿ ಕೇಳಿರ್ಲಿಲ್ವಾ?"

ಹೆಸ್ಟರ್‌ಗೆ ಗೊತ್ತೇ ಇರಲಿಲ್ಲ. ಸೇಡಿಗೆ ಬಂದಿರಲಿಲ್ಲ ಅವಳು. ತನ್ನ ಮರಿಯ ಹಾಡು ಕೇಳುವುದಕ್ಕೆ ಬಂದಿದ್ದಳು. ಸತ್ತ ಮೇಲೂ ಅವಳ ಹತ್ತಿರ ಉಳಿದಿದ್ದದ್ದು ಆ ಒನ್ಸ್ ಮೋರ್ ಒಂದೇ. ಅದನ್ನೂ ಆಡಾ ಕಿತ್ತುಕೊಂಡಳು, ತನ್ನ ಜೀವ ಉಳಿದರೆ ಸಾಕು ಅಂತ.

ರೇಷ್ಮೆ ಲಂಗ ಸರಸರ ಎಳೆದುಕೊಂಡು ಹೋದ ಸದ್ದು. ಆಮೇಲೆ ಅದೂ ಇಲ್ಲ.

ಮಾರನೇ ದಿನ ಆಡಾ ಮತ್ತೆ ರಂಗಕ್ಕೆ ಬಂದಳು. ದೊಡ್ಡ ಹಾಡು ಚೆನ್ನಾಗಿಯೇ ಹಾಡಿದಳು. ಎದುರಿಗೆ ಅಷ್ಟೂ ಜನ ಎದ್ದು ನಿಂತರು. ಕೈಗಳು ಬಡಿಯುವುದು ಕಂಡಿತು. ಸದ್ದಿಲ್ಲ. ವಾದ್ಯದವನು ಹಾಳೆ ತಿರುಗಿಸಿದ್ದು ಕೇಳಿಸಿತು, ಗ್ಯಾಸ್ ದೀಪ ಸುಯ್ ಅನ್ನುವುದು ಕೇಳಿಸಿತು. ಚಪ್ಪಾಳೆ ಮಾತ್ರ ಇಲ್ಲ. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನಿಂತೇ ಇದ್ದಳು, ಪರದೆ ಬಿಡುವವರೆಗೂ.

ನಂಬದಿದ್ದರೆ ಬಿಡಿ. ಆಡಾ ಈಗಲೂ ಇದ್ದಾಳೆ, ಹುಡುಗಿಯರಿಗೆ ಹಾಡು ಹೇಳಿಕೊಡುತ್ತಾಳೆ. ಅವಳ ಬೆನ್ನ ಹಿಂದೆ ಒಂದು ಸೂಜಿ ಬೀಳಿಸಿ, ತಟ್ಟನೆ ತಿರುಗುತ್ತಾಳೆ. ಚಪ್ಪಾಳೆಯನ್ನೂ ನಾನೇ ಹೊಡೆದು ನೋಡಿದ್ದೇನೆ, ಅವಳ ಕಿವಿಯ ಹತ್ತಿರವೇ, ಜೋರಾಗಿ... ಅವಳು ತನ್ನ ಪಾಡಿಗೆ ಟೀ ಸೋಸುತ್ತಿದ್ದಳು.