ಡಿಮ್ ಮಾಡಿದ್ದೆ ಕಣೋ

ಬಿಪಿ ಮಾತ್ರೆಗೆಂದು ಕಡೂರಿನ ಆಸ್ಪತ್ರೆಗೆ ಬಂದಿದ್ದರೂ, ಪಕ್ಕದವರ ಮಾತಿಗೆ ಕಿವಿ ಕೊಡದೆ ಕೂರುವ ಜಾಯಮಾನ ಕಮಲಾಕ್ಷಮ್ಮನದಲ್ಲ. ಬೆಂಚಿನ ತುದಿಯಲ್ಲಿ ಇಬ್ಬರು ಕೂತಿದ್ದರು. ಒಬ್ಬನ ಅಂಗಿ ತುಂಬ ರಕ್ತದ ಕಲೆ, ಮೆಕ್ಯಾನಿಕ್‌ನಂತಿದ್ದ ಇನ್ನೊಬ್ಬನ ಕೈ ತುಂಬ ಗ್ರೀಸ್.

“ಬೆಳಗಿನ ಜಾವ ಕತ್ತಲಲ್ಲಿ ದೇವನೂರು ರಸ್ತೇಲಿ ಎದುರಿಗೆ ಬೈಕ್ ಬಂತು ಕಣೋ ಭೈರೇಶ. ಡಿಮ್ ಮಾಡು ಅಂತ ಲೈಟ್ ಮಿಟುಕಿಸ್ದ. ಮಾಡ್ದೆ.”

“ಆಮೇಲೆ?”

“ಡಿಮ್ ಮಾಡಿದ್ರೆ ಇನ್ನೂ ಜೋರಾಯ್ತು! ಕಣ್ಣು ಕುಕ್ಕಿ ಅವನು ಸೀದಾ ಚರಂಡಿಗೆ ಬಿದ್ದ.”

“ನಿನ್ನ ಕಾರಿಗೆ ನಾನು ಹಾಕಿದ್ದು ಗುಜರಿ ಲೈಟು, ಬೇರೆ ಮಾಡೆಲ್ ಕಾರಿಂದು. ಬಣ್ಣ ನೋಡ್ಕೊಂಡು ವೈರ್ ಜೋಡಿಸ್ಬಿಟ್ಟೆ.”

“ಉರಿಸಿ ನೋಡಿದೀನಿ ಅಂದ್ಯಲ್ಲೋ!”

“ಎರಡೂ ಉರೀತು ಕಣೋ ಓಂಕಾರಿ. ಡಿಮ್ಮು, ಬ್ರೈಟು ಅದಲು ಬದಲಾಗಿದೆಯಾ ಅಂತ ನೋಡ್ಲಿಲ್ಲ.”

“ಇಳಿದು ಹೋಗಿ ಬಿದ್ದವನ ಹೆಲ್ಮೆಟ್ ತೆಗೆದ್ರೆ, ನಮ್ಮ ಭಾವ.”

ಭೈರೇಶ ತಲೆ ಮೇಲೆ ಕೈ ಹೊತ್ತುಕೊಂಡ.

“ನಿನ್ನ ಕಾರು ಅಂತ ಅವರಿಗೆ ಗೊತ್ತಾ?”

“ಎಲ್ಲಿ ಗೊತ್ತು! ಅದೇ ಕಾರಲ್ಲಿ ಹಾಕ್ಕೊಂಡು ಬಂದೆ. ದಾರೀಲಿ ಕಣ್ಣು ಬಿಟ್ಟು, ದೇವ್ರು ಕಳಿಸ್ದಂಗೆ ಬಂದೆ ಕಣೋ ಅಂದ್ರು.”

ವಾರ್ಡಿನಿಂದ ಹೆಂಗಸೊಬ್ಬಳು ಸೆರಗು ಬಾಯಿಗೊತ್ತಿಕೊಂಡು ಬಂದಳು.

“ಓಂಕಾರಿ, ಕಾಲು ಉಳಿಯಲ್ವಂತೆ ಕಣೋ. ನಿಮ್ಮ ಭಾವ ನಿನ್ನೇ ಕರೀತಿದಾರೆ. ಆ ಕಾರಿನವನನ್ನ ನೀನೇ ಹುಡುಕ್ಬೇಕಂತೆ. ಇನ್ಯಾರನ್ನೂ ನಂಬಲ್ಲ ಅಂತಾರೆ.”

“ನಡಿ ಅಕ್ಕ, ಬಂದೆ.”

ಅವಳು ಅತ್ತ ತಿರುಗುತ್ತಲೇ ಭೈರೇಶ ಅವನ ಕೈ ಹಿಡಿದ.

“ಏನಂತೀಯೋ?”

“ಏನನ್ಲಿ? ಹುಡುಕ್ತೀನಿ ಅಂತೀನಿ.”

ಕೈ ಬಿಡಿಸಿಕೊಂಡು ಓಂಕಾರೇಶ ಅಕ್ಕನ ಹಿಂದೆ ಹೋದ. ಒಳಗೆ ಕಮಲಾಕ್ಷಮ್ಮನ ಹೆಸರು ಕೂಗುತ್ತಲೇ ಇದ್ದರು.