ಹಿಂದಿನ ಖೋಲಿಯ ಕದ

ಚಹಾ ಬ್ಯಾಡ್ರಿ ಅಕ್ಕುತಾಯಿ, ನೀವು ಮೊದಲ ಕುಂಡ್ರಿ. ಮೆಲ್ಲಕ ಮಾತಾಡ್ಲೇನು? ಆತು... ನಿಮ್ಮ ಸಣ್ಣ ಮಗಳು ನೀಲಮಗ ಫಿಟ್ಸ ಬರೂದು ಇಡೀ ಅಕ್ಕೋಳದಾಗ ಯಾರಿಗೂ ಗೊತ್ತಿಲ್ಲ ಅಂದ್ರಲ್ಲ, ಹಂಗ ನಮ್ಮ ಐನಾಪುರದಾಗೂ ಗೊತ್ತಿರಲಿಲ್ಲ. ನನ್ನ ತಂಗಿ ಮನಿಷಾಗ ಹನ್ನೊಂದನೇ ವರ್ಷಕ್ಕ ಚಾಲೂ ಆದುವು. ನಮ್ಮವ್ವ ಸಾಲಿ ಬಿಡಿಸಿದ್ಲು. ಬಸದಿಗೆ ಸೈತ ಕಳಸ್ತಿರಲಿಲ್ಲ.

ಯಾಕ ನಗತೀರಿ? ಚಿಕ್ಕೋಡ್ಯಾಗಿನ ನಮ್ಮ ಕೂಟ ಅಂದ್ರ ನಗು ಬರ್ತೈತೇನು? ಬರಲಿ. ತಿಂಗಳಿಗೊಮ್ಮೆ ಮೂವತ್ತ ಮಂದಿ ಕೂಡತೀವ್ರಿ, ಎಲ್ಲಾ ಈ ರೋಗದವರು, ಅವರ ಮನ್ಯಾವರು. ಸಂದೇಶ ಅಂತ ಒಬ್ಬ ಹೈಸ್ಕೂಲ ಮಾಸ್ತರ ಅದಾನ. ಪಾಠ ಹೇಳೂಮುಂದ ಬಿದ್ದ ಅಂತ ನೌಕರಿ ಬಿಡಿಸಿದ್ರು. ಹನ್ನೆರಡ ಮಂದಿ ಹೋಗಿ ಸಾಲಿ ಕಮಿಟಿಯವರ ಮುಂದ ಕುಂತ್ವಿ, ಡಾಕ್ಟರ ಬರದ ಕಾಗದ ತೋರಿಸಿದ್ವಿ. ಮೂರನೇ ಸಲಕ್ಕ ತಿರುಗಿ ತಗೊಂಡ್ರು. ಈಗ ಅವನ ಕ್ಲಾಸಿನ ಹುಡುಗೂರಿಗೂ ಗೊತ್ತೈತಿ, ಮಾಸ್ತರು ಬಿದ್ರ ಮಗ್ಗಲಾಗಿ ಮಲಗಿಸೂದು, ಬಾಯಾಗ ಏನೂ ತುರಕೂದಲ್ಲ, ಮೂಗಿಗೆ ಉಳ್ಳಾಗಡ್ಡಿ ಹಿಡಿಯೂದಲ್ಲ, ನಿಲ್ಲೂತನಕ ಬಾಜೂಕ ಕುಂಡ್ರೂದು.

ಬಾಜೂಕ ಕುಂಡ್ರೂದು... ಅಷ್ಟ ಬೇಕಾಗಿತ್ತರಿ.

ಏನಂದ್ರಿ? ರವಿವಾರ ದೊಡ್ಡ ಮಗಳನ್ನ ನೋಡಾಕ ಬರ್ತಾರ, ಅದಕ್ಕ ನೀಲಮನ್ನ ಹಿಂದಿನ ಖೋಲ್ಯಾಗ ಹಾಕ್ತೀರಿ? ತಾಸಿನ ಮಾತು, ಅಂತೀರಿ.

ಬ್ಯಾಡ್ರಿ. ನಮ್ಮ ಮನ್ಯಾಗ ಇವತ್ತಿಗೂ ಯಾವ ಖೋಲಿ ಕದಾನೂ ಮುಚ್ಚಂಗಿಲ್ಲ. ಜಳಕದ ಖೋಲಿಗೂ ಪಡದಾ ಹಾಕೇನಿ. ಬಾಜೂ ಮನ್ಯಾಗ ಯಾರರ ಕದಾ ಬಡದ್ರ ಕೈಯಾಗಿನದು ಬಿದ್ದು ಹೋಗ್ತೈತಿ. ಗಂಡ ಕೇಳ್ತಾನ, ಏನಾತು ಅಂತ. ಏನಿಲ್ಲ ಅಂತೀನಿ. ಇಪ್ಪತ್ತೆರಡ ವರ್ಷ ಅದನ್ನ ಅಂದೇನಿ.

ಮನಿಷಾ ಹೆಂಗ ಹೋದ್ಲು ಅಂತೀರಿ... ಕೂಟದಾಗ ಎಲ್ಲಾರಿಗೂ ಹೇಳೇನಲ್ಲ. ಅವತ್ತು ಮನ್ಯಾಗ ಯಾರೂ ಇರಲಿಲ್ಲ. ಹೊಲಕ್ಕ ಹೋಗಿದ್ವಿ. ಒಬ್ಬಾಕಿನ ಇದ್ಲು, ಫಿಟ್ಸ ಬಂತು, ಮಕಾಡೆ ಬಿದ್ಲು. ನಾವು ಬಂದು ಚಿಲಕ ತಗದು ನೋಡಿದ್ರ, ಉಸರ ಇರಲಿಲ್ಲ. ಯಾರ ತಪ್ಪೂ ಅಲ್ಲರಿ ಅದು. ಹದಿನೇಳ ವರ್ಷದಾಕಿ...

ಯಾಕ ಹಂಗ ನೋಡಾಕತ್ತೀರಿ?

ಏನರ ಮಾತಾಡ್ರಿ ಅಕ್ಕುತಾಯಿ. ಬೈರಿ ಬೇಕಾದ್ರ. ಚಿಲಕ ಯಾರು ಹಾಕಿದ್ರು ಅಂತರ ಕೇಳ್ರಿ...

ಮನ್ಯಾಗ ಇದ್ವಿ. ಎಲ್ಲಾರೂ ಇದ್ವಿ. ನನ್ನ ನೋಡಾಕ ಬಂದಿದ್ರು ಅವತ್ತು. ಮನಿಷಾನ ಕೈ ಹಿಡದು ನಾನ ಒಳಗ ಬಿಟ್ನಿ, ನಾನ ಹೊರಗಿಂದ ಚಿಲಕ ಹಾಕಿದ್ನಿ. ‘ಅಕ್ಕಾ, ಲಗೂ ತಗಿ’ ಅಂದ್ಲು. ಹೂಂ ಅಂದ್ನಿ. ಆಮ್ಯಾಲ ಸಪ್ಪಳ ಚಾಲೂ ಆತು. ಹಿಮ್ಮಡ ಕದಕ್ಕ ಬಡ್ಯೂ ಸಪ್ಪಳರಿ... ನನಗ ಗೊತ್ತಾತು. ಗೊತ್ತಾಗಲಿಲ್ಲ ಅಂತ ಹೆಂಗ ಹೇಳ್ಲಿ? ಗಂಡಿನ ಅವ್ವ ತಲಿ ಎತ್ತಿ, ಅದೇನ ಸಪ್ಪಳ ಅಂತ ಕೇಳಿದ್ರು. ನಮ್ಮವ್ವ ನನ್ನ ಕಡೆ ನೋಡಿದ್ಲು.

‘ಹಿತ್ತಲದಾಗ ಆಕಳ ಕರಾ ಕಟ್ಟೇವ್ರಿ’ ಅಂದ್ನಿ ನಾ. ಅಂದು, ಚಹಾದ ಕಪ್ಪು ಅವರ ಕೈಗೆ ಕೊಟ್ನಿ.