ಟಾಕಿ ಸುತ್ತಿನ ಗೋಡೆ

ಡೀಸೆಲ್ ಟ್ಯಾಂಕಿನ ಸುತ್ತಲಿನ ಆ ಗೋಡೆ ಯಾಕಿದೆ ಎಂದು ಸಿದರಾಯನಿಗೆ ಯಾರೂ ಹೇಳಿರಲಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅವನೂ ಅವನ ಮಾಲೀಕ ಅಲ್ಲಾಭಕ್ಷರೂ ಕುಳಿತಿದ್ದರು.

"ಡೀಸೆಲ್ ಟಾಕಿ ಸುತ್ತಿನ ಗ್ವಾಡಿಗೆ ತೂತು ಯಾಕ ಹೊಡದ್ಯೋ?" ಅಲ್ಲಾಭಕ್ಷರು ಕೇಳಿದರು.

"ತಪಾಸಣಿಗೆ ಬಂದ ಸಾಹೇಬ್ರು ಒಳಗ ಮಳಿನೀರು ನಿಂದರಬಾರದು ಅಂದ್ರಲ್ರಿ, ಭಾಯಿ."

"ಬಕೀಟಲೆ ತಗದು ಚೆಲ್ಲಬೇಕಿತ್ತು!"

"ಗ್ವಾಡಿ ಮಳಿ ತಡ್ಯಾಕ ಅಲ್ಲೇನ್ರಿ?"

"ಟಾಕಿ ಸೋರಿದ್ರ ಡೀಸೆಲ್ ಹೊರಗ ಹೋಗಬಾರದಂತ ಕಟ್ಟಿದ್ದು."

"ಟಾಕಿ ಸೋರೂದಿಲ್ಲಂತ ಸಾಹೇಬ್ರು ಸಹಿ ಹಾಕಿದ್ರಲ್ರಿ?"

"ಅವತ್ತು ಸೋರಿರಲಿಲ್ಲೋ, ಮಾರಾಯ! ಈಗ ಅರ್ಧ ಟಾಕಿ ಬಾಜು ಮನಿ ಮಾಯಕ್ಕನ ಬಾವ್ಯಾಗ ಐತಿ."

"ಆಕಿಗೆ ಏನ್ ಹೇಳೂಣ್ರಿ?"

"ನೀನ ಹೇಳು. ತೂತು ನಿಂದು."

"ಟಾಕಿ ನಿಮ್ದ ಅಲ್ಲೇನ್ರಿ?"

ಖಾನಾಪುರದಲ್ಲಿ ಇಬ್ಬರೂ ಇಳಿದರು.

ಹೋದದ್ದು ಅರ್ಧ ಟಾಕಿ ಡೀಸೆಲ್, ಒಂದು ಕುಡಿಯುವ ನೀರಿನ ಬಾವಿ.